ಮೋಡದಲ್ಲಿ ಕೂತ ವರ

"ಈ ಮುದಕಪ್ಪ ಕೂಡಿಸಿದ ಜೋಡಿ ತಪ್ಪಿಲ್ಲ, ಈ ಮುದಕಪ್ಪ ಓದಿದ ಗುರ್ತು ಸುಳ್ಳಾಗಿಲ್ಲ. ನನ್ನ ಕಡೆ ಫೋಟೋ ಕೊಟ್ಟ ವರ ಒಬ್ಬನೂ ಕುಂತಲ್ಲೇ ಕುಂತಿಲ್ಲ."

ದಾಂಡೇಲಿಯ ಕಾಗದ ಗಿರಣಿಯ ಕಾಲೊನಿಯಲ್ಲಿ ಈ ಮಾತನ್ನು ಕೇಳದ ಕಿವಿ ಇಲ್ಲ. ಮುದಕಪ್ಪನವರು ಇದನ್ನು ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಹೇಳುತ್ತಿದ್ದರು, ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ಹೇಳುತ್ತಿದ್ದರು, ನಡುವೆ ಯಾರೂ ಸಿಗದಿದ್ದರೆ ಅಂಗಳದ ತುಳಸಿಗೆ ಹೇಳುತ್ತಿದ್ದರು. ಕೇಳಿ ಕೇಳಿ ಆ ತುಳಸಿ ಉಳಿದ ಮನೆಗಳ ತುಳಸಿಗಿಂತ ಒಂದು ಮೊಳ ಎತ್ತರ ಬೆಳೆದಿತ್ತು. ಕಂಪೌಂಡು ಹಾರಿ ತಪ್ಪಿಸಿಕೊಳ್ಳುವ ವಿಚಾರವಿದ್ದೀತು. ಅಣಶಿಯ ಕಾಡಿನಲ್ಲಿ ಒಂದು ಗಂಡುಹುಲಿ ಬಹಳ ದಿನದಿಂದ ಒಂಟಿಯಾಗಿ ತಿರುಗುತ್ತಿದೆ ಎಂದು ಯಾರೋ ಸುದ್ದಿ ತಂದಾಗ, ಮುದಕಪ್ಪನವರು ಬಸಿಯಲ್ಲಿದ್ದ ಚಹಾ ಊದುತ್ತ, ಅದರದೊಂದು ಫೋಟೋ ಕಳಿಸಲು ಹೇಳಿದರಂತೆ. ಕಾಳಿ ನದಿಯ ಮೊಸಳೆಗಳು ಬಿಸಿಲು ಕಾಯಿಸಲು ದಂಡೆಗೆ ಬರುತ್ತವೆ ಎಂದು ಪ್ರವಾಸಿಗರು ತಿಳಿದಿದ್ದಾರೆ. ಕಾಲೊನಿಯವರಿಗೆ ಗೊತ್ತು, ಅವು ಮುದಕಪ್ಪನವರು ಆ ಕಡೆ ವಾಕಿಂಗ್ ಬರುವುದನ್ನೇ ಕಾಯುತ್ತಿರುತ್ತವೆ.

ಗಿರಣಿಯಲ್ಲಿದ್ದಷ್ಟು ಕಾಲ ಅವರ ಕೆಲಸ ದೀಪ ನೋಡುವುದು. ದೊಡ್ಡ ಯಂತ್ರದ ಮುಂದೆ ನಿಂತು ಹಸಿರು ಹತ್ತಿದೆಯೋ, ಹಳದಿ ಹತ್ತಿದೆಯೋ, ಕೆಂಪು ಹತ್ತಿದೆಯೋ ನೋಡಿಕೊಂಡು ಗುಂಡಿ ಒತ್ತಬೇಕು. ಮುದಕಪ್ಪನವರು ಕಣ್ಣು ಮುಚ್ಚಿದ್ದರೂ ರೆಪ್ಪೆಯ ಮೇಲೆ ಬಿದ್ದ ಬೆಳಕಿನಿಂದಲೇ ಬಣ್ಣ ಹೇಳುತ್ತಿದ್ದರು. ಕಣ್ಣು ಮುಚ್ಚಿ ನಿಲ್ಲುವ ಅಗತ್ಯವೇನಿತ್ತು ಎಂದು ಮೇಲಿನವರು ಕೇಳಿದ್ದುಂಟು. ಪರೀಕ್ಷೆಗಾಗಿ ಎಂದು ಇವರು ಉತ್ತರ ಕೊಟ್ಟಿದ್ದುಂಟು.

ವಧೂವರರ ವ್ಯವಹಾರ ಶುರುವಾದದ್ದೂ ಆ ಯಂತ್ರದ ಬುಡದಲ್ಲೇ. ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಕೆಲಸಕ್ಕೆ ಬಂದು ನೆಲೆನಿಂತ ಮಂದಿ. ಮಕ್ಕಳು ಮದುವೆಗೆ ಬಂದಾಗ ಬಳಗ ದೂರ, ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ತಿಳಿಯದು. ಎಲ್ಲ ಪಾಳಿಯಲ್ಲೂ ಕೆಲಸ ಮಾಡಿದ್ದ ಮುದಕಪ್ಪನವರಿಗೆ ಮಾತ್ರ ಯಾರ ಭಾವ ಯಾರು, ಯಾರ ಸೋದರತ್ತೆ ಯಾವ ಊರು ಎಂಬುದೆಲ್ಲ ಬಾಯಿಪಾಠ. ಮೊದಲ ಸಂಬಂಧವನ್ನು ಅವರು ಯಂತ್ರದ ಆ ಬದಿ ಒಬ್ಬ, ಈ ಬದಿ ಒಬ್ಬ ನಿಂತಿದ್ದಾಗ ಕುದುರಿಸಿದರು. ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ, ಎಲ್ಲವೂ ಕೈಸನ್ನೆ. ಹುಡುಗಿಯ ಅಪ್ಪ "ಊಟಕ್ಕೆ ಹೋಗೋಣವೇ" ಎಂದು ಬಾಯಿಯ ಹತ್ತಿರ ಕೈ ಒಯ್ದದ್ದನ್ನೇ ಮುದಕಪ್ಪನವರು "ಒಪ್ಪಿಗೆ, ಸಿಹಿ ತಿನ್ನೋಣ" ಎಂದು ಓದಿ ಆಚೆಯವನಿಗೆ ಮುಟ್ಟಿಸಿದರು. ಆ ದಂಪತಿಗೆ ಈಗ ಮೊಮ್ಮಕ್ಕಳಿದ್ದಾರೆ, ಹಾಗಾಗಿ ತಪ್ಪಾಯಿತೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಈ ಕೆಲಸಕ್ಕೆ ಅವರು ಸಂಬಳ ಮುಟ್ಟಿದವರಲ್ಲ. ಎರಡೂ ಕಡೆಯಿಂದ ಆಹೇರಿಯೆಂದು, ಅಂದರೆ ಲಗ್ನದ ಉಡುಗೊರೆಯಾಗಿ, ತಲೆಗೆ ಸುತ್ತುವ ಒಂದೊಂದು ರುಮಾಲು, ಹೊಟ್ಟೆ ತುಂಬ ಹೋಳಿಗೆ, ಅಷ್ಟೇ. ಆ ರುಮಾಲುಗಳನ್ನು ಗಂಟು ಹಾಕಿ ಎಳೆದರೆ ಇಲ್ಲಿಂದ ಹಳಿಯಾಳ ಮುಟ್ಟುತ್ತದೆ, ತಿರುಗಿ ಬರಲೂ ಸಾಲುತ್ತದೆ ಎಂದು ಹೆಂಡತಿ ಶಂಕ್ರೆವ್ವ ಹೇಳುತ್ತಿದ್ದರು. ಮನೆಯಲ್ಲಿ ಕಪಾಟು, ಹಾಸಿಗೆಯ ಕೆಳಗು, ಅಕ್ಕಿ ಡಬ್ಬಿಯ ಹಿಂಭಾಗ, ಎಲ್ಲ ಕಡೆಯೂ ರುಮಾಲು.

ಫೋಟೋಗಳು ಮಾತ್ರ ಒಂದು ಬಿಸ್ಕೀಟಿನ ಡಬ್ಬಿಯಲ್ಲಿದ್ದವು. ಒಂದು ದಿನ ಡಬ್ಬಿ ತೆರೆದರೆ ಇಲಿ ಒಳಹೊಕ್ಕಿದೆ. ಅದೂ ಹೇಗೆ? ಕನ್ಯೆಯರನ್ನು ಒಬ್ಬರನ್ನೂ ಮುಟ್ಟಿಲ್ಲ. ವರಗಳ ಮುಖಗಳನ್ನೇ ಆರಿಸಿ ತಿಂದಿದೆ. ಹೆಣ್ಣಿಲಿ ಇರಬೇಕು ಎಂದರು ಶಂಕ್ರೆವ್ವ.

ಹಳಿಯಾಳದಲ್ಲಿ ಶಿಕ್ಷಕಿಯಾಗಿದ್ದ ಮಗಳು ಪೂರ್ಣಿಮಾ ಸುದ್ದಿ ಕೇಳಿ ತನ್ನ ಹಳೆಯ ಲ್ಯಾಪ್‌ಟಾಪು ತಂದುಕೊಟ್ಟಳು. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು, ಅದರಲ್ಲಿ ಫೋಟೋ ಮತ್ತು ವಿವರ. ಎಲ್ಲವೂ ಇಂಟರ್‌ನೆಟ್ಟಿನ ಮೇಲಿನ ಉಗ್ರಾಣದಲ್ಲೂ, ಅಂದರೆ ಕ್ಲೌಡಿನಲ್ಲೂ, ಇರುವಂತೆ ಮಾಡಿದಳು. ಲ್ಯಾಪ್‌ಟಾಪು ಹಳೆಯದು, ಹೊಟ್ಟೆ ಸಣ್ಣದು. ಆದ್ದರಿಂದ ಬೇಕಾದದ್ದು ಮಾತ್ರ ಕೆಳಗೆ ಬರುವ ವ್ಯವಸ್ಥೆ ಮಾಡಿದಳು. ಹಳಿಯಾಳದ ಕಡೆಯ ವರ-ಕನ್ಯೆಯರನ್ನು ತಾನು ಅಲ್ಲಿಂದಲೇ ಫೋನಿನಲ್ಲಿ ಏರಿಸುವುದೆಂದೂ ಆಯಿತು. ಬಳಿಕ ಪ್ರತಿ ಫೋಲ್ಡರಿನ ಪಕ್ಕದಲ್ಲಿ ಕಾಣುವ ಪುಟ್ಟ ಗುರುತುಗಳ ಅರ್ಥ ಹೇಳಲು ಬಾಯಿ ತೆರೆದಳು. ಮುದಕಪ್ಪನವರು ಅಂಗೈ ಎತ್ತಿ ಅಡ್ಡ ಹಿಡಿದರು.

"ಪೂರ್ಣೀ, ನೀ ಹುಟ್ಟೂಕಿಂತ ಮೊದಲಿಂದ ನಾ ದೀಪಾ ಓದಕೋತ ಬಂದೇನಿ. ನನಗ ಹಸಿರು-ಕೆಂಪು ಕಲಿಸಾಕ ಬರಬ್ಯಾಡ."

ಪೂರ್ಣಿಮಾ ಅಪ್ಪನ ಮಗಳು, ಅಪ್ಪನ ಸ್ವಭಾವ ಗೊತ್ತಿದ್ದವಳು. ಬಸ್ಸಿನ ಹೊತ್ತೂ ಆಗಿತ್ತು. ಹೋಗುವ ಮುನ್ನ ಅಪ್ಪ-ಅಮ್ಮನ ಹಳೆಯ ಲಗ್ನದ ಫೋಟೋವನ್ನೂ ಅದರಲ್ಲಿ ಸೇರಿಸಿ, ಅದು ಎಂದೂ ಈ ಲ್ಯಾಪ್‌ಟಾಪು ಬಿಟ್ಟು ಹೋಗದಂತೆ ಗಟ್ಟಿ ಮಾಡಿ ಹೋದಳು.

ಮುದಕಪ್ಪನವರು ಕನ್ನಡಕ ಏರಿಸಿ ಗುರುತುಗಳನ್ನು ನೋಡುತ್ತ ಕೂತರು. ಕೆಲವು ಫೋಲ್ಡರಿಗೆ ಹಸಿರು ವೃತ್ತದಲ್ಲಿ ಸರಿ ಗುರುತು. ಕೆಲವಕ್ಕೆ ಪುಟ್ಟದೊಂದು ಮೋಡ. ಕೆಲವಕ್ಕೆ ಒಂದರ ಬಾಲ ಒಂದು ಹಿಡಿದು ಸುತ್ತುವ ಎರಡು ನೀಲಿ ಬಾಣ. ಒಂದಕ್ಕೆ ತಪ್ಪು ಉತ್ತರಕ್ಕೆ ಹಾಕುವಂಥ ಕೆಂಪು ಕತ್ತರಿ ಗುರುತು. ಮತ್ತು ತಮ್ಮ ಲಗ್ನದ ಫೋಟೋಕ್ಕೆ? ಉಳಿದವುಗಳಂತೆ ಬರೀ ಗೆರೆಯಲ್ಲ. ಇಡೀ ವೃತ್ತವೇ ಹಸಿರು, ಅದರ ನಡುವೆ ಬೆಳ್ಳಗೆ ಸರಿ ಗುರುತು. ಹೆಂಡತಿಯನ್ನು ಕರೆದು ತೋರಿಸಿದರು. ಇಷ್ಟು ವರ್ಷ ಬಾಳಿದ್ದಕ್ಕೆ ಯಂತ್ರವೇ ಮೊಹರು ಹೊಡೆದಿದೆ ಎಂದರು. ಶಂಕ್ರೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಆ ಯಂತ್ರಕ್ಕೆ ನಿಮ್ಮ ಜೊತೆ ಒಂದು ತಿಂಗಳು ಇದ್ದು ನೋಡಲು ಹೇಳಿರಿ, ಆಮೇಲೆ ಯಾವ ಬಣ್ಣ ತೋರಿಸುತ್ತದೆ ನೋಡೋಣ ಎಂದು ಒಳಗೆ ಹೋದರು.

ಆದರೆ ಮುದಕಪ್ಪನವರ ತಲೆಯಲ್ಲಿ ಬೀಜ ಬಿದ್ದಾಗಿತ್ತು. ಅದೇ ತಿಂಗಳು ಹಸಿರು ಗುರುತಿನ ಒಬ್ಬ ವರನಿಗೂ ಹಸಿರು ಗುರುತಿನ ಒಬ್ಬ ಕನ್ಯೆಗೂ ಸಂಬಂಧ ಕೂಡಿತು. ಮುಂದಿನ ತಿಂಗಳು ಇನ್ನೊಂದು ಹಸಿರು ಜೋಡಿ. ಕೆಂಪು ಕತ್ತರಿಯ ವರ ನಿಶ್ಚಯದ ಹಿಂದಿನ ದಿನ ಒಲ್ಲೆ ಎಂದ. ಮೋಡದವರಲ್ಲಿ ಒಬ್ಬರದೂ ಕೂಡಲಿಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು?

ಈ ಸೀಮೆಯಲ್ಲಿ ದೇವರ ಪ್ರಸಾದ ಕೇಳುವ ಪದ್ಧತಿ ಉಂಟು. ಮೂರ್ತಿಯ ಮೈಗೆ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಇಡುತ್ತಾರೆ. ಬಲದ ಎಸಳು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ, ಏನೂ ಬೀಳದಿದ್ದರೆ ಕಾಯಬೇಕು. ಕಾಯುವಾಗ ಯಾರೂ ಎಸಳಿಗೆ ಬೆರಳು ತಾಗಿಸಬಾರದು. ಫ್ಯಾನು ಕೂಡ ಆರಿಸುತ್ತಾರೆ. ಮುದಕಪ್ಪನವರು ಲ್ಯಾಪ್‌ಟಾಪಿಗೆ ಅದೇ ಶಾಸ್ತ್ರ ಹಚ್ಚಿದರು. ಹಸಿರು ಬಂತೋ, ಬಲದ ಪ್ರಸಾದ. ಕೆಂಪು, ಎಡದ್ದು. ನೀಲಿ ಬಾಣ ಸುತ್ತುತ್ತಿದ್ದರೆ ಗ್ರಹಗಳು ಪ್ರದಕ್ಷಿಣೆ ಹಾಕುತ್ತಿವೆ. ಮೋಡವೆಂದರೆ ಯೋಗ ಇನ್ನೂ ಆಕಾಶದಲ್ಲಿದೆ, ನೆಲಕ್ಕೆ ಇಳಿದಿಲ್ಲ. ಇಳಿಯುವ ತನಕ ಮೋಡದ ಫೋಲ್ಡರನ್ನು ತೆರೆಯಲೇಬಾರದು. ತೆರೆದರೆ ಎಸಳನ್ನು ಬೆರಳಿನಿಂದ ನೂಕಿದ ಪಾಪ.

ಸುದ್ದಿ ಕಾಲೊನಿ ದಾಟಿ ಹಳಿಯಾಳ, ಮುಂಡಗೋಡದ ತನಕ ಹೋಯಿತು. ತಾಯಂದಿರು ಬಂದು, ನಮ್ಮ ಹುಡುಗನದು ಯಾವ ಬಣ್ಣ ಎಂದು ಕೇಳತೊಡಗಿದರು. ಮೋಡದ ವರನ ತಾಯಿಯೊಬ್ಬಳು ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಹೋದಳು. ಬೂದಿ ಕೀಲಿಗಳ ಸಂದಿಗೆ ಬಿದ್ದು ಮೂರು ಅಕ್ಷರ ಒತ್ತುವಂತಿರಲಿಲ್ಲ. ಆ ಅಕ್ಷರಗಳಿದ್ದ ಹೆಸರಿನವರ ಲಗ್ನವೆಲ್ಲ ಒಂದು ವಾರ ಮುಂದೆ ಹೋಯಿತು.

ಇಂಥ ಹೊತ್ತಿನಲ್ಲಿ ಶೈಲಾಳ ಮಾತು ಬಂತು.

ಶೈಲಾ ಕಾಲೊನಿಯ ಅನ್ನಪೂರ್ಣಾ ಅವರ ಮಗಳು. ನದಿದಂಡೆಯ ಒಂದು ರೆಸಾರ್ಟಿನ ಕಚೇರಿಯಲ್ಲಿ ಕೆಲಸ. ಅತಿಥಿಗಳ ಬುಕಿಂಗು, ಅವರ ದೋಣಿಯಾಟದ ಫೋಟೋ ಕಳಿಸುವುದು, ಎಲ್ಲ ಅವಳದೇ. ಮೂವತ್ತು ದಾಟಿದವಳು, ಮಾತಿನಲ್ಲಿ ಬಲು ಚುರುಕು. ನೋಡಲು ಬಂದ ವರಗಳಿಗೆ ಅವಳು ಪ್ರಶ್ನೆ ಕೇಳುವ ರೀತಿಗೆ ಅರ್ಧದಷ್ಟು ಜನ ಅವಲಕ್ಕಿ ತಟ್ಟೆ ಖಾಲಿ ಮಾಡದೆ ಎದ್ದು ಹೋಗಿದ್ದರು. ಅವಳಿಗೆ ಮನಸ್ಸಿದ್ದದ್ದು ಕುಳಗಿಯ ಕ್ಯಾಂಪಿನಲ್ಲಿ ಜೀಪು ಓಡಿಸುವ ಜ್ಯೋತಿಬಾನ ಮೇಲೆ. ಪ್ರವಾಸಿಗರನ್ನು ಕರೆದೊಯ್ಯಲು ರೆಸಾರ್ಟಿಗೆ ಬರುತ್ತಿದ್ದ. ದಿನಕ್ಕೆ ನಾಲ್ಕು ಮಾತು ಆಡುವ ಮನುಷ್ಯ. ನಾಲ್ಕರಲ್ಲಿ ಎರಡು ಅವಳ ಜೊತೆ. ಎರಡೂ ಮನೆ ಬೆಳಗಾವಿ ಕಡೆಯವು, ಬೀಗತನಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೆ ಗಂಡ ಹೋದ ಮೇಲೆ ಅನ್ನಪೂರ್ಣಾ ಅವರು ಮುದಕಪ್ಪನವರ ಮಾತು ಕೇಳದೆ ಸಾಸಿವೆಯನ್ನೂ ಕೊಂಡವರಲ್ಲ. ಅಣ್ಣಾರು ಹೂಂ ಅನ್ನಲಿ, ನಂದೂ ಹೂಂ ಎಂದುಬಿಟ್ಟರು.

ಅಣ್ಣಾರು ಲ್ಯಾಪ್‌ಟಾಪು ತೆರೆದರು. ಜ್ಯೋತಿಬಾನ ಫೋಲ್ಡರಿನ ಪಕ್ಕದಲ್ಲಿ ಮೋಡ, ಅಂಗೈಯಷ್ಟು ದೊಡ್ಡದು ಎಂದು ಅವರಿಗೆ ಕಂಡಿತು. ಸಾಂಬ್ರಾಣಿ ಊರಿನ ಮಹಾಬಳೇಶ್ವರ ಎಂಬ ರೈತ ವರನ ಪಕ್ಕದಲ್ಲಿ ಹಸಿರು, ಪಾಚಿ ಕಟ್ಟಿದಷ್ಟು ಗಟ್ಟಿ. ಶೈಲಾಳದೂ ಹಸಿರು. ಇನ್ನೇನು ವಿಚಾರ? ರವಿವಾರ ಮಹಾಬಳೇಶ್ವರನ ಕಡೆಯವರು ಕನ್ಯೆ ನೋಡಲು ಬರುವುದೆಂದು ಗೊತ್ತು ಮಾಡಿದರು. ಶೈಲಾ ಬಂದು, ಜ್ಯೋತಿಬಾನ ಮನೆಯವರು ಸೋಮವಾರ ಮುಂಡಗೋಡಕ್ಕೆ ಬೇರೆ ಹುಡುಗಿ ನೋಡಲು ಹೊರಟಿದ್ದಾರೆ, ಅಷ್ಟರೊಳಗೆ ಒಮ್ಮೆ ಕೇಳಿ ನೋಡಿ ಎಂದು ಎಷ್ಟು ಹೇಳಿದರೂ ಮುದಕಪ್ಪನವರು ಅಲ್ಲಾಡಲಿಲ್ಲ. ಆಕಾಶದಲ್ಲಿದ್ದವನನ್ನು ಕೇಳುವುದು ಹೇಗೆ ಎಂಬುದೇ ಅವರ ಪ್ರಶ್ನೆ.

ರವಿವಾರ ಮುದಕಪ್ಪನವರು ಹೊಸ ರುಮಾಲು ಸುತ್ತಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅನ್ನಪೂರ್ಣಾ ಅವರ ಮನೆಗೆ ಹೋದರು. ಶಂಕ್ರೆವ್ವನೂ ಜೊತೆಗಿದ್ದರು. ಸಾಂಬ್ರಾಣಿಯವರು ಸ್ವಂತ ಗಾಡಿಯಲ್ಲಿ ಬಂದಿದ್ದರು: ಮಹಾಬಳೇಶ್ವರ, ಅವನ ತಾಯಿ, ಮತ್ತು ತಾಯಿಯ ಸಿಟ್ಟು. ಆ ಸಿಟ್ಟಿಗೇ ಗಾಡಿಯಲ್ಲಿ ಒಂದು ಸೀಟು ಬೇಕಾಗುವಷ್ಟಿತ್ತು. ದಾರಿಯ ಗುಂಡಿಗಳಿಂದ ಹಿಡಿದು ಬಿಸಿಲಿನವರೆಗೆ ಎಲ್ಲದರ ಮೇಲೂ ಅವರಿಗೆ ತಕರಾರು.

ಶೈಲಾ ಅವಲಕ್ಕಿ, ಚಹಾ ತಂದಿಟ್ಟಳು. ನಮಸ್ಕಾರ ಮಾಡಿದಳು. ಒಳಗೆ ಹೋಗುವ ಬದಲು ಲ್ಯಾಪ್‌ಟಾಪಿನ ಮುಂದೆ ಮುದಕಪ್ಪನವರ ಪಕ್ಕದಲ್ಲೇ ಕೂತಳು. ಎಲ್ಲರಿಗೂ ಗುರುತು ತೋರಿಸಿರಿ ಎಂದಳು. ಅವರು ಹಿಗ್ಗಿ, ಪರದೆಯನ್ನು ಬೀಗರ ಕಡೆ ತಿರುಗಿಸಿ, ಹಸಿರು ಇಲ್ಲಿ, ಹಸಿರು ಅಲ್ಲಿ, ದೈವ ಕೂಡಿದೆ ಎಂದು ವಿವರಿಸಿದರು. ಮಹಾಬಳೇಶ್ವರನ ತಾಯಿ ಮೊದಲ ಬಾರಿಗೆ ಹುಬ್ಬು ಸಡಿಲಿಸಿದರು.

ಆಗ ಶೈಲಾ ತನ್ನ ಫೋನಿನಿಂದ ಲ್ಯಾಪ್‌ಟಾಪಿಗೆ ನೆಟ್ಟು ಕೊಟ್ಟಳು, ಒಂದು ವೈರನ್ನೂ ಚುಚ್ಚಿದಳು. ಒಂದು ಹೊಸ ಫೋಲ್ಡರು ತೆರೆದು ಅದರೊಳಗೆ ಒಂದು ಫೋಟೋ ಎಳೆದು ಹಾಕಿದಳು. ಅವರ ಹಿತ್ತಲಿನ ಹುಂಜದ ಫೋಟೋ, ಕತ್ತು ಎತ್ತಿ ನಿಂತದ್ದು. ನೀಲಿ ಬಾಣಗಳು ಸುತ್ತತೊಡಗಿದವು. ಬಾಣ ನಿಂತು, ಹುಂಜದ ಪಕ್ಕದಲ್ಲಿ ಹಸಿರು ಸರಿ ಗುರುತು ಬಂದು ಕೂತಿತು. ಮಹಾಬಳೇಶ್ವರನಷ್ಟೇ ಹಸಿರು, ಕೂದಲೆಳೆಯಷ್ಟೂ ಕಡಿಮೆಯಿಲ್ಲ.

"ಕಾಕಾ," ಎಂದಳು ಶೈಲಾ, "ಈಗ ನಮ್ಮ ಹುಂಜಕ್ಕೂ ಒಂದು ಮುಹೂರ್ತ ನೋಡ್ರಿ. ಇಲ್ಲಾ ನಂಗ ಇದೂ ನಡೀತೈತಿ, ಇದು ಬೆಳಿಗ್ಗೆ ಲಗೂ ಏಳತೈತಿ."

ಮುದಕಪ್ಪನವರು ಹುಂಜವನ್ನು ನೋಡಿದರು. ಹುಂಜ ಅವರನ್ನು ನೋಡುತ್ತಿತ್ತು. ಅವರಿಗೆ ಹೇಳಲು ತಕ್ಷಣ ಹೊಳೆದದ್ದು, ಹುಂಜದ ಜಾತಕವೂ ಚೆನ್ನಾಗಿರಬಹುದು ಎಂಬುದೊಂದೇ. ಅದನ್ನು ಹೇಳದೆ ನುಂಗಿದರು.

"ಮಹಾಬಳೇಶ್ವರ ಅವರ ಫೋಟೋ ಇದರಾಗ ಹಾಕಿದವರು ಯಾರ್ರಿ ಕಾಕಾ?"

"ನಾನ."

"ಜ್ಯೋತಿಬಾ ಅವರದು?"

"ಪೂರ್ಣಿಮಾ ಹಾಕಿದ್ಲು. ಅವರವ್ವ ಹಳಿಯಾಳದಾಗ ಆಕಿ ಕಡೆ ಕೊಟ್ಟಿದ್ಲು, ಅಲ್ಲಿಂದನ ಫೋನಿನ್ಯಾಗ."

"ಅಷ್ಟ ನೋಡ್ರಿ ಮತ್ತ. ನೀವು ಹಾಕಿದ್ದು ಇದರ ಹೊಟ್ಟ್ಯಾಗ ಐತಿ, ಮ್ಯಾಲೂ ಐತಿ, ಅದಕ್ಕ ಹಸಿರು. ಅಕ್ಕಾ ಹಾಕಿದ್ದು ಮ್ಯಾಲಷ್ಟ ಐತಿ, ಅದಕ್ಕ ಮೋಡ. ಅಟ್ಟದ ಮ್ಯಾಲ ಇಟ್ಟ ಸಾಮಾನು ಇದ್ಹಂಗ. ಕೆಟ್ಟಿಲ್ಲ, ಹಾಳಾಗಿಲ್ಲ, ಯಾರೂ ಕೆಳಗ ತಂದಿಲ್ಲ. ನೀವು ತಗದು ನೋಡಿದ್ರ ಅದೂ ಹಸಿರು ಆಗತೈತಿ. ನೀವು ತಗದಿಲ್ಲ."

ನೀಲಿ ಬಾಣವೆಂದರೆ ಮೇಲಕ್ಕೋ ಕೆಳಕ್ಕೋ ಹೋಗುತ್ತಿರುವ ಫೈಲು, ಗ್ರಹವಲ್ಲ ಎಂದಳು. ಕೆಂಪು ಕತ್ತರಿಯ ವರನ ಫೈಲನ್ನು ನೋಡಿ ನಕ್ಕುಬಿಟ್ಟಳು. ಮುದಕಪ್ಪನವರು ಫೈಲಿನ ಹೆಸರಿನಲ್ಲೇ ಅವನ ಹೆಸರು, ಅಪ್ಪ, ಅಜ್ಜ, ಊರು, ಎತ್ತರ, ಬಣ್ಣ, ಎಮ್ಮೆಗಳ ಸಂಖ್ಯೆ, ಎಮ್ಮೆಗಳ ಸ್ವಭಾವ ಎಲ್ಲವನ್ನೂ ಬರೆದಿದ್ದರು. ಅಷ್ಟುದ್ದದ ಹೆಸರು ಹೊತ್ತು ಮೇಲೆ ಹೋಗಲಾಗದೆ ಫೈಲು ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. ಮತ್ತು ಇಡೀ ಹಸಿರಿನ ಲಗ್ನದ ಫೋಟೋ? ಅದನ್ನು ಯಾವಾಗಲೂ ಇಲ್ಲೇ ಇರಲಿ ಎಂದು ಪೂರ್ಣಿಮಾ ಹಿಡಿದಿಟ್ಟಿದ್ದಾಳೆ, ಅಷ್ಟೇ. ಮೂಲೆಯಲ್ಲಿ ಕೂತಿದ್ದ ಶಂಕ್ರೆವ್ವ, ನನ್ನನ್ನೂ ಹಾಗೇ ಹಿಡಿದಿಟ್ಟಿದ್ದು, ಇಲ್ಲದಿದ್ದರೆ ಎಂದೋ ಹೋಗುತ್ತಿದ್ದೆ ಎಂದರು.

ಶೈಲಾಳ ಬೆರಳು ಜ್ಯೋತಿಬಾನ ಫೋಲ್ಡರಿನತ್ತ ಹೋಯಿತು. ಮುದಕಪ್ಪನವರ ಕೈ ತಾನಾಗಿಯೇ ಮೇಲೆದ್ದಿತು, ಎಸಳು ಮುಟ್ಟಬೇಡ ಎನ್ನುವಂತೆ. ಆಮೇಲೆ ಆ ಕೈ ಎಲ್ಲಿ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ಸ್ವಲ್ಪ ನಿಂತು, ರುಮಾಲು ಸರಿಮಾಡಿಕೊಂಡು, ತೊಡೆಯ ಮೇಲೆ ಬಂದು ಬಿತ್ತು.

"ತಗೀವಾ," ಎಂದರು.

ತೆರೆದಳು. ನೆಟ್ಟು ನಿಧಾನ. ಬಾಣಗಳು ಸುತ್ತುತ್ತ ಸುತ್ತುತ್ತ ಸುಸ್ತಾದಂತೆ ಕಂಡವು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಮಹಾಬಳೇಶ್ವರನ ತಾಯಿ ಕೂಡ, ತಾವು ಯಾರ ಕಡೆಯವರೆಂಬುದನ್ನು ಮರೆತು. ಕೊನೆಗೆ ಫೋಟೋ ಬಂತು: ಜೀಪಿಗೆ ಒರಗಿ, ನೀರು ಹಚ್ಚಿ ತಲೆ ಬಾಚಿ, ನಗಬೇಕೋ ಬೇಡವೋ ಎಂದು ಯಾರನ್ನೋ ಕೇಳುತ್ತಿರುವ ಮುಖದ ಜ್ಯೋತಿಬಾ. ಹಿಂದಕ್ಕೆ ಹೋಗಿ ನೋಡಿದರೆ ಮೋಡವಿಲ್ಲ, ಹಸಿರು. ಅನ್ನಪೂರ್ಣಾ ಅವರು ಪರದೆಯ ಹತ್ತಿರ ಬಂದು, ಹುಡುಗನ ಕಣ್ಣು ಒಳ್ಳೆಯದಿದೆ ಎಂದು ಮೆಲ್ಲಗೆ ಹೇಳಿ, ಅಣ್ಣಾರ ಮುಖ ನೋಡಿದರು.

ಮುದಕಪ್ಪನವರು ಕೆಳಗಿನ ಸಾಲುಗಳನ್ನು ನೋಡುತ್ತಿದ್ದರು. ಮೋಡ, ಮೋಡ, ಮತ್ತೆ ಮೋಡ. ಒಂದೊಂದು ಮೋಡದ ಹಿಂದೂ ತಲೆ ಬಾಚಿಕೊಂಡು ಕಾಯುತ್ತ ನಿಂತವರು. ಅವರ ತಾಯಂದಿರು ಬಂದು ಕೇಳಿದಾಗ ಬಣ್ಣ ಹೇಳಿ ಕಳಿಸಿದ್ದವರು ತಾವೇ.

ಮೊದಲು ಮಾತಾಡಿದವನು ಮಹಾಬಳೇಶ್ವರ. ಬಂದಾಗಿನಿಂದ ತುಟಿ ಬಿಚ್ಚದಿದ್ದವನು ಅವಲಕ್ಕಿಯ ಕೊನೆಯ ಚಮಚ ಮುಗಿಸಿ, ತಟ್ಟೆ ಕೆಳಗಿಟ್ಟ.

"ಕಾಕಾ, ಸಿಟ್ಟಾಗಬ್ಯಾಡ್ರಿ. ನಂಗ ಇಷ್ಟು ಮಾತಾಡೋ ಹೇಣ್ತಿ ಬ್ಯಾಡ್ರಿ. ಮನ್ಯಾಗ ನಮ್ಮವ್ವ ಅದಾಳ."

ಅವನ ತಾಯಿ ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಚಹಾ ನೆತ್ತಿಗೇರಿಸಿಕೊಂಡರು. ಶೈಲಾ ಓಡಿಹೋಗಿ ಬೆನ್ನು ತಟ್ಟಿ ನೀರು ಕುಡಿಸಿದಳು. ಕೆಮ್ಮು ನಿಂತ ಮೇಲೆ ಆ ತಾಯಿ, ಹುಡುಗಿ ಒಳ್ಳೆಯವಳು, ಬೇಗ ಆ ಡ್ರೈವರನ ಸುದ್ದಿ ತೆಗೆಯಿರಿ ಎಂದು ತಾವೇ ಅವಸರ ಮಾಡಿದರು.

ಜ್ಯೋತಿಬಾನಿಗೆ ಫೋನು ಹಚ್ಚಿದರೆ ಹತ್ತಲಿಲ್ಲ; ಕುಳಗಿಯ ಕಾಡಿನಲ್ಲಿ ಫೋನು ಹತ್ತುವುದು ಫೋನಿಗೆ ಮನಸ್ಸಾದಾಗ. ಫೋಲ್ಡರಿನಲ್ಲಿದ್ದ ಅವನ ಮನೆಯವರ ನಂಬರು ಸ್ವಿಚ್ ಆಫ್ ಆಗಿತ್ತು. ಬೆಳಗಾದರೆ ಅವರು ಮುಂಡಗೋಡದ ದಾರಿ ಹಿಡಿಯುತ್ತಾರೆ. ಮುದಕಪ್ಪನವರು ಎದ್ದು ಚಪ್ಪಲಿ ಹುಡುಕತೊಡಗಿದರು. ಆಗ ಮಹಾಬಳೇಶ್ವರ ಗಾಡಿಯ ಕೀಲಿ ತಿರುಗಿಸುತ್ತ ಬಾಗಿಲಿಗೆ ಬಂದು, ಬರ್ರಿ ಕಾಕಾ, ನಾ ಬಿಡತೇನಿ ಎಂದ. ಕನ್ಯೆ ನೋಡಲು ಬಂದ ವರನೇ ಇನ್ನೊಬ್ಬ ವರನನ್ನು ಕೇಳಲು ಗಾಡಿ ಹೊಡೆದದ್ದು ಈ ನಾಲ್ಕು ತಾಲೂಕಿನ ಚರಿತ್ರೆಯಲ್ಲಿ ಅದೇ ಮೊದಲು. ಅವನ ಗಾಡಿ ಹೋದ ವೇಗಕ್ಕೆ ದಾರಿಯ ಬದಿಯ ಮಂಗಗಳು ರಸ್ತೆ ದಾಟುವುದನ್ನು ಎರಡು ದಿನ ಬಿಟ್ಟವಂತೆ.

ಕುಳಗಿಯಲ್ಲಿ ಜ್ಯೋತಿಬಾ ಜೀಪು ತೊಳೆಯುತ್ತಿದ್ದ. ಇವರನ್ನು ನೋಡಿ, ಹುಲಿ ನೋಡಲು ಬಂದಿರಾ ಎಂದು ಕೇಳಿದ. ಮುದಕಪ್ಪನವರು ದಾರಿಯುದ್ದಕ್ಕೂ ಒಂದು ಭಾಷಣ ಜೋಡಿಸಿಕೊಂಡು ಬಂದಿದ್ದರು. ಅದರಲ್ಲಿ ಗ್ರಹಗಳಿದ್ದವು, ತಮ್ಮ ಅನುಭವವಿತ್ತು, ಕ್ಲೌಡಿನ ಮೇಲೆ ಹೊರಿಸಲು ಒಂದಿಷ್ಟು ತಪ್ಪೂ ಇತ್ತು. ಹುಡುಗನ ಮುಖ ಕಂಡ ಕೂಡಲೇ ಅದೆಲ್ಲ ಗಾಡಿಯಲ್ಲೇ ಉಳಿಯಿತು. ಶೈಲಾಳ ವಿಷಯ ನೇರವಾಗಿ ಕೇಳಿದರು.

ಜ್ಯೋತಿಬಾ ನೀರಿನ ಪೈಪು ಕೆಳಗಿಟ್ಟ. ಅದು ಅವನ ಕಾಲ ಮೇಲೇ ನೀರು ಬಿಡುತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ.

"ಶೈಲಾಗ ತೋರಸ್ರಿ ಅಂತನ ನಮ್ಮವ್ವನ ಕಡೆಯಿಂದ ಫೋಟೋ ಕಳಿಸಿದ್ನಿ ಕಾಕಾ. ಒಂದು ಮಳಿಗಾಲ ಹೋತು, ಒಂದು ಬ್ಯಾಸಿಗಿ ಹೋತು. ಆಕಿ ಬ್ಯಾಡ ಅಂದಿರಬೇಕು ಅಂತ ತಿಳಕೊಂಡು ಸುಮ್ನಾದ್ನಿ."

ಅವನ ದಿನದ ಲೆಕ್ಕಕ್ಕಿಂತ ಇದು ಬಹಳ ಹೆಚ್ಚಿನ ಮಾತು.

"ಆಕಿ ಬ್ಯಾಡ ಅಂದಿಲ್ಲೋ ತಮ್ಮಾ," ಎಂದರು ಮುದಕಪ್ಪನವರು. "ನಾ ತಗದ ನೋಡಿಲ್ಲ."

ಅಷ್ಟು ಹೇಳಿ ಅವರೇ ಬಾಗಿ, ಪೈಪನ್ನು ಅವನ ಕಾಲ ಮೇಲಿನಿಂದ ಎತ್ತಿ ಬದಿಗಿಟ್ಟರು.

ಸೋಮವಾರ ಜ್ಯೋತಿಬಾನ ಮನೆಯವರು ಹೊರಟರು, ಆದರೆ ಮುಂಡಗೋಡಕ್ಕಲ್ಲ, ದಾಂಡೇಲಿಗೆ. ಮುಂಡಗೋಡದವರಿಗೆ ತಿಳಿಸುವ ಕೆಲಸವನ್ನು ಮುದಕಪ್ಪನವರೇ ಹೊತ್ತರು. ಫೋನಿನಲ್ಲಿ ಬೈಸಿಕೊಂಡು, ಆ ಹುಡುಗಿಯ ಫೋಟೋವನ್ನೂ ಕೇಳಿ ಇಸಿದುಕೊಂಡರು. ಬಂದ ಕೂಡಲೇ ತೆರೆದು ನೋಡಿದರು. ಆ ವಾರವೆಲ್ಲ ಅವರದು ಒಂದೇ ಉದ್ಯೋಗ: ಮೋಡದ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯುವುದು, ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡುವುದು, ತಾಯಿಗೆ ಫೋನು ಮಾಡುವುದು. ಎಷ್ಟು ಇಳಿಸಿದರೆಂದರೆ, ಹೊಟ್ಟೆ ತುಂಬಿತು, ಇನ್ನು ಜಾಗವಿಲ್ಲ ಎಂದು ಲ್ಯಾಪ್‌ಟಾಪು ಬಾಯಿ ಬಿಟ್ಟು ಹೇಳಿಕೊಂಡಿತು. ಪೂರ್ಣಿಮಾ ಹಳಿಯಾಳದಿಂದ ಬಂದು, ನೋಡಿದ್ದನ್ನು ಮತ್ತೆ ಮೇಲಕ್ಕೆ ಕಳಿಸುವುದು ಹೇಗೆಂದು ಕಲಿಸಿದಳು. ಈ ಸಲ ಅಪ್ಪ ಕೈ ಅಡ್ಡ ಹಿಡಿಯಲಿಲ್ಲ; ಎರಡೆರಡು ಸಲ ಕೇಳಿಕೊಂಡರು. ಮಗಳು ಗಾಬರಿಯಾಗಿ, ಅಪ್ಪನ ಮೈ ಸರಿಯಿದೆಯೇ ಎಂದು ಅಮ್ಮನನ್ನು ವಿಚಾರಿಸಿದಳು.

ಸಾಖರಪುಡಾ ಅನ್ನಪೂರ್ಣಾ ಅವರ ಮನೆಯಲ್ಲೇ ಆಯಿತು. ಹುಡುಗನ ಕಡೆಯವರು ಸಕ್ಕರೆ ಪೊಟ್ಟಣ, ಸೀರೆ, ಉಂಗುರ ತಂದು ನಿಶ್ಚಯ ಮಾಡುವ ಕಾರ್ಯ. ಮಹಾಬಳೇಶ್ವರ ತಾಯಿಯನ್ನು ಕರೆದುಕೊಂಡು ಬಂದಿದ್ದ. ಆ ತಾಯಿ ಅಡುಗೆ ಮನೆಗೆ ಹೋಗಿ ಹೋಳಿಗೆಯ ಹೂರಣದ ಮೇಲೆ ತಕರಾರು ತೆಗೆದು, ತಾವೇ ಲಟ್ಟಿಸಲು ಕೂತು, ಸಂಭ್ರಮದಲ್ಲಿದ್ದರು. ಜ್ಯೋತಿಬಾ ಅಂದು ಒಂಬತ್ತು-ಹತ್ತು ಮಾತಾಡಿದನೆಂದು ಎಣಿಸಿದವರು ಹೇಳುತ್ತಾರೆ, ನಂಬುವುದು ಕಷ್ಟ. ಎರಡೂ ಕಡೆಯಿಂದ ಮುದಕಪ್ಪನವರಿಗೆ ರುಮಾಲು ಬಂತು. ಜ್ಯೋತಿಬಾನ ಅಪ್ಪ ಅದನ್ನು ತಲೆಗೆ ಸುತ್ತುತ್ತಿದ್ದಾಗ ಶೈಲಾ ಉಂಗುರದ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಎದುರಿಗೆ ಬಂದು ನಿಂತಳು.

"ಕಾಕಾ, ಖರೇ ಹೇಳ್ರಿ. ಹುಡುಗನ್ನ ಹುಡುಕಿದಾಕಿ ನಾನು. ಮೋಡದಿಂದ ಕೆಳಗ ಇಳಿಸಿದಾಕಿ ನಾನು. ಗಾಡಿ ಹೊಡೆದವರು ಮಹಾಬಳೇಶ್ವರ. ಈ ಲಗ್ನದಾಗ ನೀವು ಮಾಡಿದ ಕೆಲಸ ಏನು?"

ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡರು. ರುಮಾಲು ಅರ್ಧ ಸುತ್ತಿಸಿಕೊಂಡು, ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ ಇದ್ದ ಮುದಕಪ್ಪನವರು ತಲೆ ಅಲ್ಲಾಡಿಸದೆ, ಕಣ್ಣು ಮಾತ್ರ ಮೇಲೆತ್ತಿ ಅವಳನ್ನು ನೋಡಿದರು.

"ಅಡ್ಡ ನಿಂತೆನಲ್ಲವಾ. ಇಂವನ್ನ ನಾನ ಕರಕೊಂಡು ಬಂದು ಮುಂದ ಕುಂದ್ರಿಸಿದ್ರ, ಉಳದವರಿಗೆ ಕೇಳಿಧಂಗ ಇಂವಗೂ ಪ್ರಶ್ನಿ ಕೇಳಿ ಕೇಳಿ ಅವಲಕ್ಕಿ ಅರ್ಧಕ್ಕ ಬಿಟ್ಟು ಎದ್ದು ಹೋಗೂಹಂಗ ಮಾಡತಿದ್ದಿ. ನಾ ಬ್ಯಾಡ ಅಂದಿದ್ದಕ್ಕ ಒಂದು ಪ್ರಶ್ನಿ ಕೇಳಲಾರದ ಒಪ್ಪಿಗೊಂಡಿ ನೋಡು."